ಕುರ್ಚಿ ತರುವ ಮೊದಲು ಟೇಪು ಹಿಡಿಯಿರಿ: ಕರಾವಳಿಯ ಮನೆಗಳಿಗೆ ವೀಲ್‌ಚೇರ್, ಮೊಬಿಲಿಟಿ ಸ್ಕೂಟರ್ ಮಾರ್ಗದರ್ಶಿ

ಅಮ್ಮನಿಗೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲಿನ ಬಲ ಹೋಗಿತ್ತು. ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬರುವ ದಿನ ಬೆಳಿಗ್ಗೆ ನಾನು ಅವಸರದಲ್ಲಿ ಒಂದು ವೀಲ್‌ಚೇರ್ ಕೊಂಡು ತಂದೆ. ಮಂಗಳೂರಿನ ಬಿಜೈಯಲ್ಲಿ ನಮ್ಮದು ಎರಡನೇ ಮಾಳಿಗೆಯ ಫ್ಲ್ಯಾಟು. ಲಿಫ್ಟಿನಲ್ಲಿ ಕುರ್ಚಿ ಹಿಡಿಯಿತು. ಹಾಲ್‌ನಲ್ಲಿ ಚೆನ್ನಾಗಿ ತಿರುಗಿತು. ಬಚ್ಚಲುಮನೆ ಬಾಗಿಲಲ್ಲಿ ನಿಂತುಬಿಟ್ಟಿತು. ಕುರ್ಚಿಯ ಒಟ್ಟು ಅಗಲ 26 ಇಂಚು, ಬಾಗಿಲಿನ ಸಂದು 25.

ಆ ಒಂದು ಇಂಚಿಗಾಗಿ ಎರಡು ತಿಂಗಳು ನಾನು ಮತ್ತು ತಮ್ಮ ಸೇರಿ ಅಮ್ಮನನ್ನು ಎತ್ತಿ ಒಳಗೆ ಒಯ್ಯಬೇಕಾಯಿತು. ದಿನಕ್ಕೆ ನಾಲ್ಕೈದು ಸಲ. ಗಂಡುಮಕ್ಕಳು ಹೀಗೆ ಎತ್ತುವುದು ಅಮ್ಮನಿಗೆ ತುಂಬ ಸಂಕೋಚ. ಅವರು ಯಾರಿಗೂ ಹೇಳದೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಮೂತ್ರದ ಸೋಂಕಾಗಿ ಮತ್ತೆ ಆಸ್ಪತ್ರೆಗೆ ಹೋದೆವು. ಆಗ ಅಲ್ಲಿನ ಫಿಸಿಯೋಥೆರಪಿಸ್ಟ್ ಒಬ್ಬರು ಟೇಪು ತಂದು ಅಮ್ಮನ ಸೊಂಟದ ಅಗಲ ಅಳೆದರು. 14 ಇಂಚು. ನಾವು ಕೂರಿಸಿದ್ದು 18 ಇಂಚಿನ ಸೀಟಿನಲ್ಲಿ. "ಇವರಿಗೆ 16ರ ಸೀಟು ಸಾಕು. ಅದರ ಒಟ್ಟು ಅಗಲ 24ರ ಒಳಗೆ ಬರ್ತದೆ, ನಿಮ್ಮ ಬಾಗಿಲೂ ದಾಟ್ತದೆ" ಎಂದರು.

ಅಳತೆಗೆ ತಕ್ಕ ಕುರ್ಚಿ ಬಂದ ದಿನ ಅಮ್ಮ ಮೊದಲ ಸಲ ಒಬ್ಬರ ಆಸರೆ ಸಾಕು ಎಂದು ಬಚ್ಚಲಿಗೆ ಹೋದರು. ವೀಲ್‌ಚೇರ್ ಅಂದರೆ ಕನ್ನಡಕ, ಚಪ್ಪಲಿ ಇದ್ದ ಹಾಗೆ. ಬೇರೆಯವರ ಅಳತೆಯದು ನಮಗೆ ಆಗುವುದಿಲ್ಲ. ಆಮೇಲೆ ಆರು ವರ್ಷ ಅಮ್ಮನ ಕುರ್ಚಿ ತಳ್ಳಿ ಕಲಿತದ್ದು, ಉಡುಪಿಯಲ್ಲಿ ನಾಲ್ಕು ಚಕ್ರದ ಮೊಬಿಲಿಟಿ ಸ್ಕೂಟರ್ (ಹೆಚ್ಚು ನಡೆಯಲಾಗದವರು ಕೂತು ಹೋಗುವ ನಿಧಾನದ ಬ್ಯಾಟರಿ ಗಾಡಿ) ಓಡಿಸುವ ನಮ್ಮ ಚಿಕ್ಕಪ್ಪನಿಂದ ಕೇಳಿದ್ದು, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮನೆ ಅಳೆಯಿರಿ

ಅಂಗಡಿಗೆ ಹೋಗುವ ಮೊದಲು ಒಂದು ಟೇಪು, ಒಂದು ಕಾಗದ ಹಿಡಿದು ಮನೆ ಸುತ್ತಿ. ಬಾಗಿಲನ್ನು ಪೂರ್ತಿ ತೆರೆದಿಟ್ಟು, ಬಾಗಿಲ ಹಲಗೆಯಿಂದ ಎದುರಿನ ದಾರಂದದವರೆಗೆ ಅಳೆಯಿರಿ. ದಾರಂದದಿಂದ ದಾರಂದಕ್ಕೆ ಅಳೆದರೆ ತಪ್ಪು ಲೆಕ್ಕ ಸಿಗುತ್ತದೆ, ಯಾಕಂದರೆ ತೆರೆದ ಬಾಗಿಲು ಒಂದು-ಒಂದೂವರೆ ಇಂಚು ತಿನ್ನುತ್ತದೆ. ಎಲ್ಲಕ್ಕಿಂತ ಕಿರಿದಾದ ಬಾಗಿಲು ಸಾಮಾನ್ಯವಾಗಿ ಬಚ್ಚಲಿನದ್ದೇ. ಅದರ ಅಳತೆಯೇ ನಿಮ್ಮ ಕುರ್ಚಿಯ ಮಿತಿ.

ಅಂಗಡಿಯಲ್ಲಿ "18 ಇಂಚಿನ ಕುರ್ಚಿ" ಅಂದರೆ ಅದು ಸೀಟಿನ ಅಗಲ ಮಾತ್ರ. ಕೂತವರೇ ತಿರುಗಿಸುವ ದೊಡ್ಡ ಚಕ್ರದ ಕುರ್ಚಿಯಾದರೆ ಅದಕ್ಕೆ ಇನ್ನೂ ಏಳೆಂಟು ಇಂಚು ಸೇರಿಸಿ. ಕೂತವರು ತಾವೇ ಚಕ್ರ ತಿರುಗಿಸುವುದಾದರೆ ಬೆರಳಿನ ಗೆಣ್ಣು ದಾರಂದಕ್ಕೆ ತಾಗದಂತೆ ಎರಡೂ ಕಡೆ ಒಂದೊಂದು ಇಂಚು ಬಿಡಬೇಕು.

ಬಾಗಿಲು ಕಿರಿದಾಗಿಯೇ ಇದ್ದರೆ? ಗೋಡೆ ಒಡೆಯುವ ಮೊದಲು ಕಡಿಮೆ ಖರ್ಚಿನ ದಾರಿ ನೋಡಿ. ಬಚ್ಚಲಿನ ಬಾಗಿಲು ತೆಗೆದು ದಪ್ಪ ಪರದೆ ಹಾಕಿದರೂ ಒಂದೂವರೆ ಇಂಚು ಸಿಗುತ್ತದೆ. ಒಳಗೆ ತೆರೆಯುವ ಬಾಗಿಲನ್ನು ಹೊರಗೆ ತೆರೆಯುವಂತೆ ಮಾಡಿಸಿ. ಒಳಗೆ ಯಾರಾದರೂ ಬಿದ್ದರೆ ಒಳಗೆ ತೆರೆಯುವ ಬಾಗಿಲನ್ನು ತಳ್ಳಲಿಕ್ಕೇ ಆಗುವುದಿಲ್ಲ. ಮೂರನೆಯದು, ಬಚ್ಚಲಿಗೆಂದೇ ಸಣ್ಣ ಚಕ್ರದ ಕಮೋಡ್ ಕುರ್ಚಿ. ಅದು ಕಿರಿದು, ನೀರು ಬಿದ್ದರೂ ಚಿಂತೆಯಿಲ್ಲ, ಕಮೋಡಿನ ಮೇಲೆಯೇ ಸರಿಸಿ ನಿಲ್ಲಿಸಬಹುದು. ಕೊಳ್ಳುವುದಾದರೆ ಸ್ಟೇನ್‌ಲೆಸ್ ಸ್ಟೀಲಿನದ್ದೇ ನೋಡಿ.

ಲಿಫ್ಟ್ ಇದ್ದರೆ ಅದರ ಬಾಗಿಲಿನ ಅಗಲದ ಜೊತೆ ಒಳಗಿನ ಉದ್ದವನ್ನೂ ಅಳೆಯಿರಿ. ಕಾಲಿಡುವ ಹಲಗೆ ಸೇರಿ ಕುರ್ಚಿ 42 ಇಂಚಿನ ಆಸುಪಾಸು ಬರುತ್ತದೆ, ಹಿಂದೆ ತಳ್ಳುವವರೂ ನಿಲ್ಲಬೇಕಲ್ವಾ. ಕುರ್ಚಿ ಒಂದು ಸುತ್ತು ತಿರುಗಲು ಐದಡಿ ವೃತ್ತ ಬೇಕು. ಮಲಗುವ ಕೋಣೆಯಲ್ಲಿ ಮಂಚದ ಪಕ್ಕ ಅಷ್ಟು ಜಾಗ ಮಾಡಿ. ಇದಕ್ಕಾಗಿ ನಾವು ಒಂದು ಕಪಾಟು ಹಾಲ್‌ಗೆ ತಂದೆವು.

ಹಳೆಯ ಹಂಚಿನ ಮನೆಗಳಲ್ಲಿ ತೊಂದರೆ ಹೊಸ್ತಿಲಿನದ್ದು. ಚಿಕ್ಕಪ್ಪನ ಮನೆಯಲ್ಲಿ ಮೂರು ಇಂಚಿನ ಹೊಸ್ತಿಲು. ಅರಸಿನ ಕುಂಕುಮ ಹಚ್ಚುವ ಹೊಸ್ತಿಲನ್ನು ಕಡಿಸಲು ಹಿರಿಯರು ಒಪ್ಪುವುದಿಲ್ಲ, ಒಪ್ಪಿಸುವ ಅಗತ್ಯವೂ ಇಲ್ಲ. ಆಚಾರಿಯವರಿಗೆ ಹೇಳಿ ಎರಡೂ ಬದಿಗೆ ಮರದ ಇಳಿಜಾರು ತುಂಡು ಮಾಡಿಸಿ. ಬೇಕಾದಾಗ ಇಡಬಹುದು, ಪೂಜೆಯ ಹೊತ್ತಿಗೆ ತೆಗೆಯಬಹುದು. ಜಾರದಂತೆ ಅಡಿಗೆ ರಬ್ಬರ್ ಅಂಟಿಸಿ.

ಆಮೇಲೆ ಮೈ ಅಳೆಯಿರಿ

ಗಟ್ಟಿ ಕುರ್ಚಿಯ ಮೇಲೆ ನೆಟ್ಟಗೆ ಕೂರಿಸಿ ಅಳೆಯಬೇಕು. ಮಂಚದ ಮೇಲೆ ಕೂರಿಸಿದರೆ ಮೈ ಕುಸಿಯುತ್ತದೆ, ಅಳತೆ ತಪ್ಪುತ್ತದೆ.

ಸೊಂಟದ ಅಗಲಕ್ಕೆ ಒಂದೂವರೆಯಿಂದ ಎರಡು ಇಂಚು ಸೇರಿಸಿದರೆ ಸೀಟಿನ ಅಗಲ. "ಸ್ವಲ್ಪ ದೊಡ್ಡದಿರಲಿ, ಆರಾಮಾಗಿರ್ತದೆ" ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಅದು ಆರಾಮ ಅಲ್ಲ. ದೊಡ್ಡ ಸೀಟಿನಲ್ಲಿ ಮೈ ಒಂದು ಕಡೆಗೆ ವಾಲುತ್ತದೆ. ಅಮ್ಮನ ಬೆನ್ನು ಎಡಕ್ಕೆ ಬಾಗತೊಡಗಿದ್ದು ಹಾಗೇ.

ಬೆನ್ನಿನಿಂದ ಮೊಣಕಾಲಿನ ಹಿಂಭಾಗದವರೆಗಿನ ಉದ್ದದಲ್ಲಿ ಎರಡು ಇಂಚು ಕಳೆದರೆ ಸೀಟಿನ ಉದ್ದ. ಅದಕ್ಕಿಂತ ಜಾಸ್ತಿ ಇದ್ದರೆ ಸೀಟಿನ ಅಂಚು ಮೊಣಕಾಲಿನ ಹಿಂದೆ ಒತ್ತುತ್ತದೆ. ಆಗ ಕೂತವರು ಮುಂದಕ್ಕೆ ಜಾರಿ ಜಾರಿ ಕೂರುತ್ತಾರೆ. ಕಾಲಿಡುವ ಹಲಗೆಯ ಎತ್ತರ ತೊಡೆ ಸೀಟಿಗೆ ಸಮವಾಗಿ ಕೂರುವ ಹಾಗಿರಬೇಕು. ಹಲಗೆಗೂ ನೆಲಕ್ಕೂ ನಡುವೆ ಎರಡು ಇಂಚಾದರೂ ಸಂದು ಬೇಕು, ಇಲ್ಲದಿದ್ದರೆ ನಮ್ಮ ರಸ್ತೆಯ ಉಬ್ಬುಗಳಿಗೆ ತಾಗುತ್ತದೆ. ಬೆನ್ನಿನ ಆಸರೆ, ತಾವೇ ತಿರುಗಿಸುವವರಿಗೆ ಹೆಗಲ ಮೂಳೆಯ ಕೆಳಗಿನವರೆಗೆ ಸಾಕು. ನೆಟ್ಟಗೆ ಕೂರುವ ಶಕ್ತಿ ಇಲ್ಲದವರಿಗೆ ಎತ್ತರದ್ದು ಬೇಕು.

ಸ್ಟ್ರೋಕ್ ಆಗಿ ಒಂದು ಬದಿ ಮಾತ್ರ ಬಲ ಇರುವವರಿಗೆ ಒಂದು ವಿಶೇಷ ಮಾತು. ಅವರು ಬಲ ಇರುವ ಕೈಯಿಂದ ಚಕ್ರ, ಅದೇ ಬದಿಯ ಕಾಲಿನಿಂದ ನೆಲ ತಳ್ಳಿ ತಾವೇ ಹೋಗಬಲ್ಲರು. ಅದಕ್ಕೆ ಕಾಲು ನೆಲಕ್ಕೆ ಪೂರ್ತಿ ಎಟುಕಬೇಕು. ಸಾಮಾನ್ಯ ಕುರ್ಚಿಯ ಸೀಟು ನೆಲದಿಂದ 19-20 ಇಂಚು ಎತ್ತರ. ಇವರಿಗೆ 17-18ರದ್ದು ಕೇಳಿ. ಅಮ್ಮ ಹಾಗೆ ಅಡುಗೆಮನೆಗೆ ತಾವೇ ಹೋಗಿ "ಉಪ್ಪು ಹಾಕಿದ್ದೀಯಾ ಮಗಾ?" ಎಂದು ಕೇಳಿದ ದಿನ ನನಗೆ ಇನ್ನೂ ನೆನಪಿದೆ.

ಈ ಅಳತೆಗಳನ್ನು ಒಮ್ಮೆ ಫಿಸಿಯೋಥೆರಪಿಸ್ಟ್ ಅಥವಾ ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್‌ಗೆ ತೋರಿಸಿ. ಈ ಸಲಹೆಗೆ ಮಂಗಳೂರು, ಮಣಿಪಾಲ ಬಿಟ್ಟು ದೂರ ಹೋಗಬೇಕಾಗಿಲ್ಲ.

ಯಾವ ಥರದ್ದು?

ಮಡಚುವ ಸ್ಟೀಲ್ ಕುರ್ಚಿ ಎಲ್ಲ ಕಡೆ ಸಿಗುತ್ತದೆ. ಸೀಟಿನ ಅಡಿಯಲ್ಲಿ ಕತ್ತರಿಯಂತೆ ಎರಡು ಸರಳು ಇರುವ ಈ ವಿನ್ಯಾಸ 1933ರದ್ದು. ಅಮೆರಿಕದಲ್ಲಿ ಗಣಿ ಅಪಘಾತದಲ್ಲಿ ಬೆನ್ನು ಮುರಿದಿದ್ದ ಹರ್ಬರ್ಟ್ ಎವರೆಸ್ಟ್, ತಮ್ಮ ಎಂಜಿನಿಯರ್ ಗೆಳೆಯ ಹ್ಯಾರಿ ಜೆನಿಂಗ್ಸ್ ಜೊತೆ ಸೇರಿ ಕಾರಿನಲ್ಲಿ ಇಟ್ಟು ಒಯ್ಯಲೆಂದು ಮಾಡಿದ್ದು. ಕುರ್ಚಿ ಬಳಸುವವರೇ ಯೋಚಿಸಿ ಮಾಡಿದ್ದರಿಂದಲೇ ಅದು ಇಷ್ಟು ಕಾಲ ಬಾಳಿದೆ ಅಂತ ನನಗೆ ಅನಿಸುತ್ತದೆ.

ಸ್ಟೀಲಿನದ್ದು 15ರಿಂದ 20 ಕಿಲೋ ತೂಗುತ್ತದೆ. ಅಲ್ಯೂಮಿನಿಯಂನದ್ದು ಹಗುರ, ದುಡ್ಡು ಜಾಸ್ತಿ. ವಾರಕ್ಕೆ ಎರಡು ಸಲ ಕಾರಿಗೆ ಎತ್ತಿ ಹಾಕುವವರು ಯಾರು, ಅವರ ಬೆನ್ನು ಹೇಗಿದೆ ಎಂದು ನೋಡಿ ತೀರ್ಮಾನಿಸಿ. ನಮ್ಮಲ್ಲಿ ಅದನ್ನು ಎತ್ತುವುದು ಹೆಚ್ಚಾಗಿ ಮನೆಯ ಹೆಂಗಸರು. ಕರಾವಳಿಯಲ್ಲಿ ಅಲ್ಯೂಮಿನಿಯಂಗೆ ಇನ್ನೊಂದು ಲಾಭ: ಉಪ್ಪುಗಾಳಿಗೆ ಸ್ಟೀಲಿನಷ್ಟು ಬೇಗ ಹಾಳಾಗುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದರೆ ಕುರ್ಚಿ ಹಿಡಿಯುತ್ತದೋ ಇಲ್ಲವೋ ಅಂಗಡಿಯ ಎದುರೇ ಇಟ್ಟು ನೋಡಿ.

ಕೈಯಿಡುವ ಹಿಡಿ ಮತ್ತು ಕಾಲಿಡುವ ಹಲಗೆ ಎರಡೂ ತೆಗೆಯಲು ಬರುವಂಥದ್ದನ್ನೇ ಕೊಳ್ಳಿ. ಇವು ಬರದಿದ್ದರೆ ಮಂಚಕ್ಕೆ, ಕಾರಿಗೆ ಸರಿಯುವುದು ದಿನವೂ ಕಷ್ಟ. ಟಯರಿನ ಅಳತೆ ನಮ್ಮೂರ ಸೈಕಲ್ ಅಂಗಡಿಯಲ್ಲಿ ಸಿಗುವಂಥದ್ದಾ ಎಂದು ಕೇಳಿ. 24 ಇಂಚಿನ ಗಾಳಿ ಟಯರಾದರೆ ಪಂಕ್ಚರ್‌ಗೆ ಸೈಕಲ್ ಅಂಗಡಿಯೇ ಸಾಕು. ಮನೆಯೊಳಗೆ ಮಾತ್ರ ಬಳಸುವುದಾದರೆ ಗಾಳಿ ಇಲ್ಲದ ಗಟ್ಟಿ ಟಯರ್ ಒಳ್ಳೆಯದು. ಇಂಟರ್‌ಲಾಕ್ ಅಂಗಳ, ಮಣ್ಣಿನ ದಾರಿ ಇದ್ದರೆ ಗಾಳಿ ಟಯರ್ ಮೈಗೆ ಕುಲುಕಾಟ ಕಡಿಮೆ ಮಾಡುತ್ತದೆ.

ತೋಳಿನಲ್ಲಿ ಬಲ ಇಲ್ಲದವರಿಗೆ ಬ್ಯಾಟರಿ ವೀಲ್‌ಚೇರ್. ಕೈಹತ್ತಿರದ ಸಣ್ಣ ಕೋಲಿನಿಂದ, ಅಂದರೆ ಜಾಯ್‌ಸ್ಟಿಕ್‌ನಿಂದ ನಡೆಯುತ್ತದೆ, ಇದ್ದಲ್ಲೇ ತಿರುಗುತ್ತದೆ. ಮನೆಗೂ ಹೊರಗೂ ಆಗುತ್ತದೆ. ಕೈಚಕ್ರದ ಕುರ್ಚಿಗೆ ಮುಂದಿನಿಂದ ಸಿಕ್ಕಿಸುವ ಮೋಟಾರ್ ಘಟಕಗಳೂ ಈಗ ಇವೆ. ಮದ್ರಾಸ್ ಐಐಟಿಯಲ್ಲಿ ರೂಪುಗೊಂಡ ನಿಯೋಬೋಲ್ಟ್ ಅಂಥದ್ದು. ಗಂಟೆಗೆ 25 ಕಿಲೋಮೀಟರ್‌ವರೆಗೆ ಹೋಗುತ್ತದೆ. ತೋಳು, ಬೆನ್ನು ಗಟ್ಟಿ ಇರುವ ಯುವಕರಿಗೆ ಅದು ಸರಿ.

ಸ್ಕೂಟರ್ ಯಾರಿಗೆ, ಯಾರಿಗಲ್ಲ

ನಮ್ಮಲ್ಲಿ "ವಿಕಲಚೇತನರ ಸ್ಕೂಟರ್" ಅಂದರೆ ಎಲ್ಲರ ಕಣ್ಣ ಮುಂದೆ ಬರುವುದು ಹಿಂದೆ ಎರಡು ಸೈಡ್ ವೀಲ್ ಜೋಡಿಸಿದ ಪೆಟ್ರೋಲ್ ಸ್ಕೂಟರ್. ಅದು ರಸ್ತೆಯ ವಾಹನ. ಆರ್‌ಟಿಒದಲ್ಲಿ ನೋಂದಣಿ ಬೇಕು, ಲೈಸೆನ್ಸ್ ಬೇಕು, ಹೆಲ್ಮೆಟ್ ಬೇಕು. ಮೊಬಿಲಿಟಿ ಸ್ಕೂಟರ್ ಬೇರೆ. ನಡಿಗೆಗಿಂತ ಸ್ವಲ್ಪ ಜೋರು, ಸಾಮಾನ್ಯವಾಗಿ ಗಂಟೆಗೆ ಆರೇಳು ಕಿಲೋಮೀಟರ್. ಕುರ್ಚಿಯಂತಹ ಸೀಟು, ಮುಂದೆ ಹ್ಯಾಂಡಲ್, ಬ್ಯಾಟರಿ. ಅದನ್ನು ಹೆದ್ದಾರಿ 66ಕ್ಕೆ ಇಳಿಸಬಾರದು, ಸರ್ವಿಸ್ ರಸ್ತೆಗೂ ಬೇಡ.

ಇದು ನಾಲ್ಕು ಹೆಜ್ಜೆ ನಡೆಯಬಲ್ಲ, ಆದರೆ ನಲವತ್ತು ಹೆಜ್ಜೆ ನಡೆಯಲಾರದವರಿಗೆ. ಹತ್ತಿ ಇಳಿಯಲು ಬರಬೇಕು, ಆಸರೆ ಇಲ್ಲದೆ ನೆಟ್ಟಗೆ ಕೂರಲು ಬರಬೇಕು, ಹ್ಯಾಂಡಲ್ ತಿರುಗಿಸಲು ಕೈಯಲ್ಲಿ ಬಲ ಬೇಕು, ಕಣ್ಣು ಚೆನ್ನಾಗಿ ಕಾಣಬೇಕು. ಸ್ಟ್ರೋಕ್‌ನಿಂದ ಒಂದು ಬದಿಯ ನೋಟ ಹೋದವರಿಗೆ ಖಂಡಿತ ಬೇಡ. ತಿರುಗಲು ಜಾಗ ಜಾಸ್ತಿ ಬೇಕಾದ್ದರಿಂದ ಮನೆಯೊಳಗೆ ಉಪಯೋಗಕ್ಕೆ ಬರುವುದಿಲ್ಲ.

ಚಿಕ್ಕಪ್ಪನಿಗೆ ಮಗುವಾಗಿದ್ದಾಗ ಪೋಲಿಯೋ ಆಗಿತ್ತು. ಅರವತ್ತು ದಾಟಿದ ಮೇಲೆ ಊರುಗೋಲು ಹಿಡಿದು ಹಿಡಿದು ಹೆಗಲು ಸೋತಿತು. ಈಗ ಸ್ಕೂಟರಿನಲ್ಲಿ ಹಾಲಿನ ಬೂತಿಗೆ, ರೇಷನ್ ಅಂಗಡಿಗೆ, ಸಂಜೆ ರಥಬೀದಿಗೆ ಹೋಗುತ್ತಾರೆ. ಮೂರು ಚಕ್ರದ್ದು ಬೇಡ ಎನ್ನುವುದು ಅವರ ಮೊದಲ ಸಲಹೆ. ಅದು ಕಿರಿದಾದ ಜಾಗದಲ್ಲಿ ಚೆನ್ನಾಗಿ ತಿರುಗುತ್ತದೆ, ನಿಜ. ಆದರೆ ಇಳಿಜಾರಿನಲ್ಲಿ ತಿರುಗಿಸಿದರೆ ಪಲ್ಟಿಯಾಗುವ ಸಂಭವ ಜಾಸ್ತಿ. ನಮ್ಮ ಏರುತಗ್ಗಿನ ಊರಿಗೆ ನಾಲ್ಕು ಚಕ್ರ.

ಎರಡನೆಯದು ಇನ್ನೂ ಮುಖ್ಯ. ಸ್ಕೂಟರಿನಲ್ಲೂ ಬ್ಯಾಟರಿ ಕುರ್ಚಿಯಲ್ಲೂ ಓಡಿಸುವ ಲಿವರ್ ಅಥವಾ ಜಾಯ್‌ಸ್ಟಿಕ್ ಬಿಟ್ಟ ಕೂಡಲೇ ಬ್ರೇಕ್ ತಾನಾಗಿ ಬೀಳುತ್ತದೆ. ಬ್ಯಾಟರಿ ಮುಗಿದಾಗ ಕೈಯಿಂದ ತಳ್ಳಲೆಂದು ಹಿಂದೆ ಒಂದು ಫ್ರೀವೀಲ್ ಲಿವರ್ ಇರುತ್ತದೆ. ಅದನ್ನು ಎಳೆದರೆ ಆ ಬ್ರೇಕೇ ಇಲ್ಲ. ಚಿಕ್ಕಪ್ಪನ ಪಕ್ಕದ ಮನೆಯ ಹುಡುಗ ಸಹಾಯ ಮಾಡಲು ಹೋಗಿ ಗೇಟಿನ ಇಳಿಜಾರಿನಲ್ಲಿ ಆ ಲಿವರ್ ಎಳೆದ. ಸ್ಕೂಟರ್ ಉರುಳಿ ಎದುರಿನ ಕಾಂಪೌಂಡಿಗೆ ಗುದ್ದಿತು. ಅದರ ಮೇಲೆ ಯಾರೂ ಇರಲಿಲ್ಲ, ಅದೇ ಪುಣ್ಯ. ಆ ಲಿವರ್‌ಗೆ ಕೆಂಪು ಟೇಪು ಸುತ್ತಿ, ಮನೆಯ ಎಲ್ಲರಿಗೂ ತೋರಿಸಿಕೊಡಿ. ಸಮತಟ್ಟು ನೆಲದಲ್ಲಿ ಮಾತ್ರ ಅದನ್ನು ಮುಟ್ಟಬೇಕು.

ಎಷ್ಟು ಏರು ಹತ್ತುತ್ತದೆ ಎನ್ನುವುದು ಪುಸ್ತಿಕೆಯಲ್ಲಿ ಡಿಗ್ರಿಯಲ್ಲೋ ಶೇಕಡಾದಲ್ಲೋ ಬರೆದಿರುತ್ತದೆ. ಎರಡೂ ಒಂದೇ ಅಲ್ಲ. 1:12ರ ಇಳಿಜಾರು, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ್ದು, ಡಿಗ್ರಿಯಲ್ಲಿ ಐದಕ್ಕಿಂತ ಸ್ವಲ್ಪ ಕಡಿಮೆ, ಶೇಕಡಾದಲ್ಲಿ ಎಂಟಕ್ಕಿಂತ ಸ್ವಲ್ಪ ಜಾಸ್ತಿ. ಕದ್ರಿ ಗುಡ್ಡದ ಕಡೆ, ಲೈಟ್‌ಹೌಸ್ ಹಿಲ್, ಉಡುಪಿಯಿಂದ ಮಣಿಪಾಲ ಹತ್ತುವ ದಾರಿ, ಇಂಥ ಏರಿಗೆ ಸ್ಕೂಟರ್ ಒಯ್ಯಬೇಡಿ. ಸಣ್ಣ ಏರಾದರೂ ನೇರ ಹತ್ತಿ, ನೇರ ಇಳಿಯಿರಿ. ನಡುವೆ ಅಡ್ಡ ತಿರುಗಿಸಬೇಡಿ. ಕೊಳ್ಳುವ ಮೊದಲು "ನಮ್ಮ ಬೀದಿಗೇ ತಂದು ಓಡಿಸಿ ತೋರಿಸಿ" ಎಂದು ಕೇಳಿ. ಇಷ್ಟು ದುಡ್ಡು ಕೊಡುವಾಗ ಅದು ಕೇಳಬೇಕಾದ ಮಾತೇ.

ಮನೆಯ ಮೆಟ್ಟಿಲಿಗೆ ರ‍್ಯಾಂಪ್

ಲೆಕ್ಕ ಸುಲಭ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಜಗಲಿಗೆ ಆರು ಇಂಚಿನ ಮೂರು ಮೆಟ್ಟಿಲಿದ್ದರೆ ಎತ್ತರ ಒಂದೂವರೆ ಅಡಿ, ರ‍್ಯಾಂಪ್ 18 ಅಡಿ. ಕೇಳಿದ ಕೂಡಲೇ "ಅಷ್ಟುದ್ದವಾ?" ಎನ್ನುತ್ತಾರೆ. ಮೇಸ್ತ್ರಿಗಳು ಆರಡಿಯಲ್ಲಿ ಮುಗಿಸಿಬಿಡುತ್ತಾರೆ. ಅದು ಬೈಕ್ ಹತ್ತಿಸಲು ಸರಿ, ಮನುಷ್ಯರನ್ನು ಕೂರಿಸಿ ತಳ್ಳಲು ಅಪಾಯ. ಅಂಗಳದಲ್ಲಿ ನೇರ ಜಾಗ ಇಲ್ಲದಿದ್ದರೆ ಗೋಡೆಗೆ ಒತ್ತಿಕೊಂಡು ಎಲ್ ಆಕಾರದಲ್ಲಿ ತಿರುಗಿಸಿ, ತಿರುವಿನಲ್ಲಿ ಐದಡಿ ಸಮತಟ್ಟು ಜಾಗ ಬಿಡಿ. ಒಂದೇ ಮೆಟ್ಟಿಲಾದರೆ, ಹಿಂದೆ ಬಲವಾದ ಆಸರೆ ಇದ್ದರೆ ನಾಲ್ಕಡಿಯ ಗಟ್ಟಿ ಹಲಗೆಯಲ್ಲಿ ಸುಧಾರಿಸಬಹುದು.

ಅಗಲ ಮೂರಡಿಗಿಂತ ಕಡಿಮೆ ಬೇಡ. ಚಕ್ರ ಹೊರಗೆ ಜಾರದಂತೆ ಎರಡೂ ಅಂಚಿಗೆ ಮೂರು ಇಂಚಿನ ಕಟ್ಟೆ ಇರಲಿ. ಮೇಲೆ ನುಣುಪಾದ ಟೈಲ್ಸ್ ಹಾಕಿಸಬೇಡಿ. ಸಿಮೆಂಟು ಹಸಿ ಇರುವಾಗಲೇ ಅಡ್ಡ ಗೆರೆ ಎಳೆಸಿ. ಸಾಧ್ಯವಾದರೆ ಮೇಲೊಂದು ಶೀಟು ಹೊದಿಸಿ, ಇಲ್ಲದಿದ್ದರೆ ಜುಲೈ ಹೊತ್ತಿಗೆ ಪಾಚಿ ಹಿಡಿಯುತ್ತದೆ.

ಹತ್ತಿಸುವಾಗ ಕೂತವರ ಮುಖ ಮೇಲಕ್ಕೆ. ಇಳಿಸುವಾಗ ಕುರ್ಚಿಯನ್ನು ಹಿಮ್ಮುಖವಾಗಿ ತಿರುಗಿಸಿ, ನೀವು ಕೆಳಗೆ ನಿಂತು, ಹಿಂದೆ ನೋಡುತ್ತ ನಿಧಾನ ಇಳಿಸಿ. ಮುಂದಕ್ಕೆ ಮುಖ ಮಾಡಿ ಇಳಿಸಿದರೆ ಕೂತವರು ಮುಗ್ಗರಿಸಿ ಬೀಳಬಹುದು. ಪ್ರತಿ ಸಲ ಮೊದಲು ಹೇಳಿ: "ಅಮ್ಮ, ಈಗ ತಿರುಗಿಸ್ತೇನೆ." ಹೇಳದೆ ಕುರ್ಚಿ ಓರೆ ಮಾಡಿದರೆ ಎಂಥವರಿಗೂ ಎದೆ ಝಲ್ ಎನ್ನುತ್ತದೆ.

ಮಂಚದಿಂದ ಕುರ್ಚಿಗೆ

ಬೀಳುವುದು ಹೆಚ್ಚಾಗಿ ಇಲ್ಲಿಯೇ. ಅವಸರ ಬೇಡ, ಕ್ರಮ ತಪ್ಪಿಸಬೇಡಿ.

1. ಕುರ್ಚಿಯನ್ನು ಬಲ ಇರುವ ಬದಿಗೆ, ಮಂಚಕ್ಕೆ ಸ್ವಲ್ಪ ಓರೆಯಾಗಿ ತನ್ನಿ.
2. ಎರಡೂ ಬ್ರೇಕ್ ಹಾಕಿ, ಅಲುಗಾಡಿಸಿ ನೋಡಿ. ಬ್ಯಾಟರಿ ಕುರ್ಚಿಯಾದರೆ ಸ್ವಿಚ್ ಆಫ್ ಮಾಡಿ. ಸೆರಗೋ ಮೊಣಕೈಯೋ ಜಾಯ್‌ಸ್ಟಿಕ್‌ಗೆ ತಾಗಿದರೆ ಕುರ್ಚಿ ಹೊರಟುಬಿಡುತ್ತದೆ.
3. ಕಾಲಿಡುವ ಹಲಗೆ ಮಡಚಿ ಪಕ್ಕಕ್ಕೆ ಸರಿಸಿ. ಅದರ ಮೇಲೆ ನಿಂತರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ.
4. ಮಂಚದ ಬದಿಯ ಕೈಹಿಡಿ ತೆಗೆಯಿರಿ.
5. ಪಾದ ನೆಲಕ್ಕೆ ಊರಿಸಿ, ಮುಂದಕ್ಕೆ ಬಾಗಲು ಹೇಳಿ. ಕಂಕುಳಿಗೆ ಕೈ ಹಾಕಿ ಎಳೆಯಬೇಡಿ, ಬಲ ಇಲ್ಲದ ಹೆಗಲು ಕೀಲು ಜಾರುತ್ತದೆ. ಸೊಂಟಕ್ಕೆ ಅಗಲ ಬೆಲ್ಟ್ ಕಟ್ಟಿ ಅದನ್ನು ಹಿಡಿಯಿರಿ.
6. ಕೂತ ಮೇಲೆ ಸೊಂಟ ಪೂರ್ತಿ ಹಿಂದಕ್ಕೆ ಸರಿದಿದೆಯಾ ನೋಡಿ, ಆಮೇಲೆ ಕುರ್ಚಿಯ ಬೆಲ್ಟ್ ಹಾಕಿ.

ಕುರ್ಚಿಯ ಬ್ರೇಕ್ ಟಯರಿಗೆ ಒತ್ತಿ ಹಿಡಿಯುವಂಥದ್ದು. ಟಯರಿನಲ್ಲಿ ಗಾಳಿ ಕಡಿಮೆಯಾದರೆ ಬ್ರೇಕ್ ಹಾಕಿದರೂ ಕುರ್ಚಿ ಜಾರುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ವಾರಕ್ಕೊಮ್ಮೆ ಗಾಳಿ ನೋಡಿ. ಸೀರೆ ಸೆರಗು, ಲುಂಗಿಯ ಅಂಚು, ಶಾಲು ಚಕ್ರದ ಕಡ್ಡಿಗೆ ಸಿಕ್ಕದ ಹಾಗೆ ಮಡಿಲಿಗೆ ಸಿಕ್ಕಿಸಿ ಕೂರಿಸಿ.

ಕೂತಲ್ಲೇ ಕೂತರೆ ಹುಣ್ಣು

ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂತರೆ ಬೆನ್ನುಮೂಳೆಯ ತುದಿ, ಪೃಷ್ಠದ ಮೂಳೆಗಳ ಮೇಲೆ ರಕ್ತ ಓಡಾಟ ನಿಂತು ಚರ್ಮ ಸಾಯುತ್ತದೆ. ಒತ್ತಡದ ಹುಣ್ಣು ಆಗಲು ಕೆಲವು ಗಂಟೆ ಸಾಕು, ಮಾಯಲು ತಿಂಗಳುಗಟ್ಟಲೆ ಬೇಕು. ಅರ್ಧ ಗಂಟೆಗೊಮ್ಮೆಯಾದರೂ ಭಾರ ಬದಲಿಸಬೇಕು. ಮುಂದಕ್ಕೆ ಬಾಗಿಸಿ, ಅಥವಾ ಎಡಕ್ಕೆ ಬಲಕ್ಕೆ ವಾಲಿಸಿ, ಒಂದೆರಡು ನಿಮಿಷ ಹಾಗೇ ಹಿಡಿಯಿರಿ. ನಾನು ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದೆ. ಆಮೇಲೆ ಅಮ್ಮನಿಗೇ ಅದು ರೂಢಿಯಾಯಿತು, ಟಿವಿಯಲ್ಲಿ ಜಾಹೀರಾತು ಬಂದಾಗಲೆಲ್ಲ ವಾಲುತ್ತಿದ್ದರು.

ಒಳ್ಳೆಯ ದಿಂಬಿಗೆ ದುಡ್ಡು ಹಾಕಿ. ದಪ್ಪ ಫೋಮ್, ಜೆಲ್, ಗಾಳಿ ಗುಳ್ಳೆಗಳದ್ದು, ಹೀಗೆ ಬೇರೆ ಬೇರೆ ಇವೆ. ಅಪಾಯ ಜಾಸ್ತಿ ಇದ್ದವರಿಗೆ ಯಾವುದು ಎಂದು ಥೆರಪಿಸ್ಟನ್ನೇ ಕೇಳಿ. ನಡುವೆ ತೂತಿರುವ ರಬ್ಬರ್ ರಿಂಗ್ ಮಾತ್ರ ಬೇಡ, ಅದರ ಅಂಚೇ ಒತ್ತಿ ಸುತ್ತಲಿನ ರಕ್ತ ಓಡಾಟ ತಡೆಯುತ್ತದೆ. ನಮ್ಮ ಸೆಖೆಗೆ ರೆಕ್ಸಿನ್ ಸೀಟು ಬೆವರು ಕಟ್ಟುತ್ತದೆ. ಸುಕ್ಕಿಲ್ಲದ ತೆಳು ಹತ್ತಿ ಹೊದಿಕೆ ಹಾಕಿ, ದಿನವೂ ಬದಲಿಸಿ. ರಾತ್ರಿ ಮಲಗಿಸುವಾಗ ಚರ್ಮ ನೋಡಿ. ಕೆಂಪಾದ ಜಾಗ ಅರ್ಧ ಗಂಟೆಯಲ್ಲಿ ತಿಳಿಯಾಗದಿದ್ದರೆ ಅಲ್ಲಿ ಭಾರ ಬೀಳಬಾರದು. ಡಾಕ್ಟರಿಗೆ ತೋರಿಸಿ. ಕಪ್ಪು ಚರ್ಮದಲ್ಲಿ ಕೆಂಪು ಕಾಣದು, ಕೈಯಿಂದ ಮುಟ್ಟಿ ಬಿಸಿ, ಗಟ್ಟಿತನ ನೋಡಬೇಕು.

ಮಳೆಗಾಲ ಮತ್ತು ಬ್ಯಾಟರಿ

ಬೇರೆ ಊರಿನವರು ಬರೆದ ಸಲಹೆಗಳಲ್ಲಿ ನಮ್ಮ ಮಳೆ ಇರುವುದಿಲ್ಲ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮೇಲೆ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂಗಳದ ಪಾಚಿಯೇ ದೊಡ್ಡ ಶತ್ರು. ಮಳೆಗಾಲದಲ್ಲಿ ನಡೆಯಲು ಹಾಸುವ ಅಡಕೆ ದಬ್ಬೆ ಕಾಲಿಗೆ ಸರಿ, ಚಕ್ರಕ್ಕೆ ಆಗದು. ಸಂದಿಗೆ ಮುಂದಿನ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ. ಜೂನ್ ಮೊದಲೇ ಕುರ್ಚಿ ಓಡಾಡುವ ದಾರಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ. ಕೂತವರಿಗೆ ಕೊಡೆಗಿಂತ ಮಡಿಲು ಮುಚ್ಚುವ ಅಗಲದ ರೇನ್‌ಕೋಟು ಒಳ್ಳೆಯದು. ಕೊಡೆ ಗಾಳಿಗೆ ಎಳೆಯುತ್ತದೆ, ಒಂದು ಕೈಯೂ ಹೋಗುತ್ತದೆ.

ಚರಂಡಿಯ ಚಪ್ಪಡಿ, ಕಬ್ಬಿಣದ ಜಾಲರಿ ಸಿಕ್ಕಿದರೆ ಮುಂದಿನ ಚಕ್ರ ಸ್ವಲ್ಪ ಎತ್ತಿ ದಾಟಿಸಿ. ನೀರು ನಿಂತ ರಸ್ತೆಗೆ ಇಳಿಯಲೇಬೇಡಿ. ಕೆಳಗೆ ಚಪ್ಪಡಿ ಇದೆಯೋ ಹೊಂಡ ಇದೆಯೋ ಕಾಣುವುದಿಲ್ಲ. ಬ್ಯಾಟರಿ ಕುರ್ಚಿ, ಸ್ಕೂಟರಾದರೆ ಮೋಟಾರಿಗೆ ನೀರು ಹೋಗುತ್ತದೆ. ಜಾಯ್‌ಸ್ಟಿಕ್‌ಗೆ ಪ್ಲಾಸ್ಟಿಕ್ ಚೀಲ ಕಟ್ಟಿಡಿ. ಮನೆಗೆ ಬಂದ ಮೇಲೆ ಒಣಬಟ್ಟೆಯಿಂದ ಒರೆಸಿ, ಅದರಲ್ಲೂ ಕೀಲು, ಬೋಲ್ಟು, ಸೀಟಿನ ಅಡಿ. ತುಕ್ಕು ಶುರುವಾಗುವುದು ಅಲ್ಲಿಯೇ. ಕೀಲಿಗೆ ತೆಂಗಿನೆಣ್ಣೆ ಬಿಡಬೇಡಿ, ಧೂಳು ಸೇರಿ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಸಾಕು. ಮುಂದಿನ ಚಕ್ರಕ್ಕೆ ಸುತ್ತಿಕೊಂಡ ಕೂದಲು, ನೂಲನ್ನು ತಿಂಗಳಿಗೊಮ್ಮೆ ಬಿಡಿಸಿ.

ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಸಂಜೆ ಸಿಡಿಲು ನಮ್ಮಲ್ಲಿ ಜೋರು. ಗುಡುಗು ಕೇಳಿದ ಕೂಡಲೇ ಚಾರ್ಜರ್ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಕಂಪನಿ ಕೊಟ್ಟ ಚಾರ್ಜರನ್ನೇ ಬಳಸಿ. ಎಲ್ಲರೂ ಮಲಗಿದ ಮೇಲೆ, ಮಂಚದ ಅಡಿಯಲ್ಲಿ, ಅಥವಾ ಮನೆಯಿಂದ ಹೊರಬೀಳುವ ಬಾಗಿಲಿನ ಎದುರು ಚಾರ್ಜ್ ಮಾಡಬೇಡಿ. ಬೆಂಕಿ ಹತ್ತಿದರೆ ಓಡಲಾಗದವರು ಆ ಮನೆಯಲ್ಲಿ ಇದ್ದಾರೆ. ಉಬ್ಬಿದ, ಬಿರುಕುಬಿಟ್ಟ, ನೀರಿನಲ್ಲಿ ಮುಳುಗಿದ ಲಿಥಿಯಂ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಲೇಬಾರದು. ಲೆಡ್ ಆಸಿಡ್ ಬ್ಯಾಟರಿಯಾದರೆ ಬಳಸಿದ ದಿನವೇ ಚಾರ್ಜ್ ಮಾಡಿ, ಖಾಲಿ ಬಿಟ್ಟರೆ ಬೇಗ ಸಾಯುತ್ತದೆ. ಮಳೆಗಾಲದಲ್ಲಿ ಸ್ಕೂಟರ್ ಹೊರಗೆ ತೆಗೆಯದಿದ್ದರೂ ಚಾರ್ಜ್ ಮಾಡುವುದನ್ನು ಮರೆಯಬೇಡಿ.

ಹೊರಗೆ ಹೋಗುವಾಗ

ಮದುವೆಗೆ ಕರೆ ಬಂದರೆ ಹಾಲ್‌ಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಊಟದ ಹಾಲ್ ಯಾವ ಮಾಳಿಗೆಯಲ್ಲಿ? ಅಲ್ಲಿಗೆ ಲಿಫ್ಟ್ ಉಂಟಾ? ಮಂಟಪಕ್ಕೆ ಹೋಗಿ, ಊಟಕ್ಕೆ ಇಳಿಯಲಾಗದೆ ಅಮ್ಮ ಒಬ್ಬರೇ ಮೇಲೆ ಕೂತದ್ದು ನೋಡಿದ ಮೇಲೆ ನಾನು ಇದನ್ನು ಬಿಟ್ಟಿಲ್ಲ. ದೇವಸ್ಥಾನಕ್ಕೆ ಜನ ಕಡಿಮೆ ಇರುವ ಹೊತ್ತು ನೋಡಿ, ಮೊದಲೇ ಕಚೇರಿಯಲ್ಲಿ ಮಾತಾಡಿ. ಉಡುಪಿಯ ರಥಬೀದಿ ಬಹುಮಟ್ಟಿಗೆ ಸಮತಟ್ಟು, ಸಂಜೆ ಒಂದು ಸುತ್ತು ಹಾಕಲು ಚೆನ್ನಾಗಿದೆ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯದ ಜಂಗುಳಿಯಲ್ಲಿ ಮಾತ್ರ ಕುರ್ಚಿ ಒಯ್ಯಬೇಡಿ.

ಕಡಲ ತೀರದ ಮರಳಿನಲ್ಲಿ ಮುಂದಿನ ಚಕ್ರ ಹೂತುಹೋಗುತ್ತದೆ. ಕುರ್ಚಿ ತಿರುಗಿಸಿ ಹಿಮ್ಮುಖವಾಗಿ ಎಳೆದರೆ ದೊಡ್ಡ ಚಕ್ರ ದಾರಿ ಮಾಡಿಕೊಳ್ಳುತ್ತದೆ. ಬಯಲಾಟದ ಗದ್ದೆಗೂ ಇದೇ ಉಪಾಯ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ಚಕ್ರ ತೊಳೆದು ಒಣಗಿಸಿ. ಪಡುಬಿದ್ರೆ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ವಿಕಲಚೇತನರಿಗೆ ಅನುಕೂಲ ಮಾಡುವುದು ಆ ಮಾನ್ಯತೆಯ ನಿಯಮಗಳಲ್ಲಿ ಸೇರಿದೆ. ಅಲ್ಲಿಗೆ ಹೋಗುವುದಾದರೆ ಏನೇ ಕೊರತೆ ಕಂಡರೂ ನಿಸ್ಸಂಕೋಚ ಕೇಳಿ.

ಸಿಟಿ ಬಸ್ಸಿನ ಎತ್ತರದ ಮೆಟ್ಟಿಲಿಗೆ ವೀಲ್‌ಚೇರ್ ಹತ್ತುವುದಿಲ್ಲ, ಆಟೋ ಅಥವಾ ಕಾರೇ ಗತಿ. ರೈಲಿನಲ್ಲಿ ದಿವ್ಯಾಂಗರ ಕೋಚಿನ ಬಾಗಿಲು ಅಗಲ. ವಿಮಾನಕ್ಕೆ 48 ಗಂಟೆ ಮೊದಲೇ ಕಂಪನಿಗೆ ತಿಳಿಸಿ, ಬ್ಯಾಟರಿಯ ಮೇಲೆ ಬರೆದ ವ್ಯಾಟ್-ಅವರ್ (ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎನ್ನುವ ಅಳತೆ) ಅಂಕಿಯ ಫೋಟೋ ಇಟ್ಟುಕೊಳ್ಳಿ. ಬಿಚ್ಚಿ ತೆಗೆಯುವ ಲಿಥಿಯಂ ಬ್ಯಾಟರಿ ಒಂದೇ ಇದ್ದರೆ 300 ವ್ಯಾಟ್-ಅವರ್ ಮೀರಬಾರದು. ಇದನ್ನು ನೋಡದೆ ಮಡಚುವ ಬ್ಯಾಟರಿ ಕುರ್ಚಿ ಕೊಂಡವರು ಬಜ್ಪೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕಷ್ಟಕ್ಕೆ ಸಿಗುತ್ತಾರೆ.

ಸರ್ಕಾರದ ನೆರವಿಗೆ ಮೊದಲು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ ಮಾಡಿಸಿ. ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವಿಕಲತೆ ಇದ್ದರೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಾಧನ ಸಿಗುತ್ತದೆ, ಆದಾಯದ ಮಿತಿ ಇದೆ. 60 ದಾಟಿದ ಬಡ ಹಿರಿಯರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲೂ ವೀಲ್‌ಚೇರ್ ಇದೆ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅರ್ಜಿಯ ಕೆಲಸ ಅವರಿಗೆ ಗೊತ್ತು. ಶಿಬಿರದಲ್ಲಿ ಕೊಡುವ ಕುರ್ಚಿಯಾದರೂ ನಿಮ್ಮ ಅಳತೆಯ ಕಾಗದ ತೋರಿಸಿ ಕೇಳಿ. ಕಾಯುವ ಕಾಲದಲ್ಲಿ ಬಾಡಿಗೆಗೆ ತರುವುದೂ ಒಂದು ದಾರಿ, ಮೊದಲ ತಿಂಗಳು ಬಾಡಿಗೆಯದ್ದನ್ನೇ ಬಳಸಿ ನೋಡಿದರೆ ನಿಮಗೆ ಏನು ಬೇಕು ಎಂಬುದು ಚೆನ್ನಾಗಿ ತಿಳಿಯುತ್ತದೆ.

ಹೊರಡುವಾಗ ಒಂದು ಸಣ್ಣ ಚೀಲ ಸಿದ್ಧ ಇರಲಿ: ಗಾಳಿ ಪಂಪು, ಒಂದು ಟ್ಯೂಬು, ಕುರ್ಚಿಯ ಬೋಲ್ಟಿಗೆ ಹೊಂದುವ ಕೀ, ಟಾರ್ಚು, ಒಣಬಟ್ಟೆ, ಔಷಧಿಯ ಚೀಟಿ, ಒಂದು ಬಾಟಲಿ ನೀರು. ಆ ಚೀಲವನ್ನು ತಳ್ಳುವ ಹಿಡಿಗೆ ನೇತು ಹಾಕಬೇಡಿ. ಹಿಂದೆ ಭಾರ ಜಾಸ್ತಿಯಾದರೆ ಏರಿನಲ್ಲಿ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಸೀಟಿನ ಅಡಿಗೆ ಕಟ್ಟಿ.